8 ವರ್ಷದ ಮಗನನ್ನು ಒಬ್ಬನೇ ದೆಹಲಿ ವಿಮಾನ ಹತ್ತಿಸಬಹುದಾ?

ಸುಧಾ, ಹಾಸನ:
ಎಲ್ಲರಿಗೂ ನಮಸ್ಕಾರ. ಮಗನಿಗೆ 8 ವರ್ಷ. ಅವರಪ್ಪ ದೆಹಲಿಯಲ್ಲಿ ಕೆಲಸದಲ್ಲಿದ್ದಾರೆ. ಬೇಸಿಗೆ ರಜೆಗೆ ಅಪ್ಪನ ಹತ್ತಿರ ಹೋಗಬೇಕು ಅಂತ ದಿನಾ ಕೇಳುತ್ತಾನೆ. ಅತ್ತೆಗೆ ಮಂಡಿ ಆಪರೇಷನ್ ಆಗಿದೆ, ನಾನು ಬಿಟ್ಟು ಹೊರಡುವ ಹಾಗಿಲ್ಲ. ದೇವನಹಳ್ಳಿವರೆಗೆ ಕಾರಿನಲ್ಲಿ ನಾನೇ ಬಿಡುತ್ತೇನೆ. ಅಲ್ಲಿಂದ ಅವನೊಬ್ಬನೇ. ಹೀಗೆ ಕಳಿಸಿದವರು ಇದ್ದೀರಾ? ಮನೆಯಲ್ಲಿ ಎಲ್ಲರೂ ಬೇಡ ಅನ್ನುತ್ತಿದ್ದಾರೆ. ನನಗೂ ಒಳಗೊಳಗೇ ತಳಮಳ.

ಗಿರಿಜಾ, ಮೂಡಿಗೆರೆ:
ಕಳಿಸಿ ಸುಧಾ. ನನ್ನ ಮಗಳು 9 ವರ್ಷದವಳಿದ್ದಾಗ ದೆಹಲಿಗೆ, ನನ್ನ ತಮ್ಮನ ಮನೆಗೆ, ಒಬ್ಬಳೇ ಹೋಗಿದ್ದಳು. ಕೌಂಟರಿನಲ್ಲಿ ಒಪ್ಪಿಸಿದ ಮೇಲೆ ಸಿಬ್ಬಂದಿಯೇ ಸೆಕ್ಯುರಿಟಿ ದಾಟಿಸಿ ವಿಮಾನ ಹತ್ತಿಸುತ್ತಾರೆ. ಅವಳ ಕತ್ತಿಗೆ ಒಂದು ಪ್ಲಾಸ್ಟಿಕ್ ಚೀಲ ಹಾಕಿದರು. ಅದರಲ್ಲಿ ಬೋರ್ಡಿಂಗ್ ಪಾಸ್, ನಾನು ತುಂಬಿದ ಫಾರಂ. ಅದನ್ನು ಎರಡೂ ಕೈಯಲ್ಲಿ ಎದೆಗೆ ಒತ್ತಿಕೊಂಡು ನಡೆದಳು. ತಿರುಗಿ ನೋಡಲಿಲ್ಲ. ನಾನು ಅಲ್ಲೇ ನಿಂತು ಅತ್ತುಬಿಟ್ಟೆ.

ತೊಂದರೆಯಾಗಿದ್ದು ಆ ಫಾರಂನಿಂದ. ಕರೆದೊಯ್ಯಲು ಬರುವವರ ಹೆಸರಿನ ಜಾಗದಲ್ಲಿ ಪುಟ್ಟಸ್ವಾಮಿ ಅಂತ ಬರೆದಿದ್ದೆ. ತಮ್ಮನನ್ನು ಹುಟ್ಟಿದಾಗಿನಿಂದ ಮನೆಯಲ್ಲಿ ಕರೆಯುವುದೇ ಹಾಗೆ. ಆಧಾರ್‌ನಲ್ಲಿ ಇರುವುದು ಲಕ್ಷ್ಮೀಕಾಂತ. ದೆಹಲಿಯಲ್ಲಿ ಮಗುವನ್ನು ಕೊಡುವುದಿಲ್ಲ ಅಂದರು. "ಇವರೇ ನಮ್ಮ ಪುಟ್ಟಮಾಮ" ಅಂತ ಮಗಳು ಹೇಳಿದರೂ ಕೇಳಲಿಲ್ಲ. ಅಷ್ಟರಲ್ಲಿ ನಾನು ಕುಣಿಗಲ್ ಹತ್ತಿರ ಇದ್ದೆ. ಕಾರು ಬದಿಗೆ ಹಾಕಿ, ಫೋನಿನಲ್ಲಿ ಮಾತಾಡಿ, ನನ್ನ ಆಧಾರ್ ಫೋಟೊ ಕಳಿಸಿ, ಎಲ್ಲ ಬಗೆಹರಿಯಲು ಮುಕ್ಕಾಲು ಗಂಟೆ ಹಿಡಿಯಿತು. ಆಗ ಸಿಕ್ಕಾಪಟ್ಟೆ ಕೋಪ ಬಂದಿತ್ತು. ಆದರೆ ಬೇರೆ ಯಾರೋ ಬಂದು ನಾನೇ ಮಾಮ ಅಂದಿದ್ದರೂ ಕೊಡುತ್ತಿರಲಿಲ್ಲ ಅಲ್ವಾ? ಅವರು ಮಾಡಿದ್ದೇ ಸರಿ. ಹೆಸರನ್ನು ಆಧಾರ್ ಎದುರಿಗಿಟ್ಟುಕೊಂಡು ಅಕ್ಷರ ಅಕ್ಷರ ನೋಡಿ ಬರೆಯಿರಿ. ಅಪ್ಪನ ಪೂರ್ತಿ ಹೆಸರು, ಫೋನ್ ನಂಬರ್ ಮಗನಿಗೆ ಬಾಯಿಪಾಠ ಮಾಡಿಸಿ.

ರಾಘು, ಸಕಲೇಶಪುರ:
ಗಿರಿಜಕ್ಕ ಹೇಳಿದ್ದು ಸರಿ. ಸಾಮಾನ್ಯವಾಗಿ 5 ತುಂಬಿದ, 12 ಆಗದ ಮಕ್ಕಳಿಗೆ ಈ ವ್ಯವಸ್ಥೆ ಇರುತ್ತದೆ. ವಿಮಾನ ಕಂಪನಿಗೆ ಫೋನ್ ಮಾಡಿ "ಅನ್‌ಅಕಂಪನೀಡ್ ಮೈನರ್" (ಜೊತೆಗೆ ದೊಡ್ಡವರಿಲ್ಲದ ಮಗು) ಅಂತಲೇ ಕೇಳಿ, ಟಿಕೆಟ್ ಜೊತೆ ಬೇರೆ ಶುಲ್ಕ ಇರುತ್ತದೆ. ಟರ್ಮಿನಲ್ ಒಳಗೆ ನಿಮ್ಮನ್ನು ಸುಮ್ನೆ ಬಿಡುವುದಿಲ್ಲ, ಪಾಸ್ ವಿಷಯ ಆಗಲೇ ಕೇಳಿಕೊಳ್ಳಿ. ನಡುವೆ ಎಲ್ಲೂ ವಿಮಾನ ಬದಲಿಸುವುದು ಬೇಡ. ಬೆಳಗಿನದೇ ತಗೊಳ್ಳಿ, ತಡವಾದರೂ ಹಗಲಲ್ಲೇ ತಲುಪುತ್ತಾನೆ. ವಿಮಾನ ಮೇಲೇಳುವವರೆಗೆ ನೀವು ಅಲ್ಲೇ ಇರಿ. ಮತ್ತೆ, ಒಣ ಕೊಬ್ಬರಿ ಕಟ್ಟಿಕೊಡಬೇಡಿ. ಎಣ್ಣೆ ಅಂಶ ಜಾಸ್ತಿ, ಬೇಗ ಬೆಂಕಿ ಹಿಡಿಯುತ್ತದೆ ಅಂತ 2022ರಿಂದ ಚೆಕ್‌-ಇನ್ ಬ್ಯಾಗಿನಲ್ಲಿ ಬಿಡುವುದಿಲ್ಲ.

ಸುಧಾ, ಹಾಸನ:
ತುಂಬಾ ಉಪಕಾರವಾಯಿತು. ಈಗಷ್ಟೇ ನೋಡಿದೆ, ಇವರ ಆಧಾರ್‌ನಲ್ಲಿ ಇನಿಷಿಯಲ್ ಹೆಸರಿನ ಕೊನೆಗಿದೆ. ನಾನು ಯಾವಾಗಲೂ ಮೊದಲಿಗೇ ಬರೆಯುವುದು. ಅರಸೀಕೆರೆಯಿಂದ ನಮ್ಮಮ್ಮ ಕಳಿಸಿದ ಕೊಬ್ಬರಿ ತೆಗೆದಿಟ್ಟೆ, ಕೋಡುಬಳೆ ಹಾಕುತ್ತೇನೆ. ಗಿರಿಜಕ್ಕ, ಇನ್ನೊಂದು ಕೇಳಬೇಕಿತ್ತು. ಟಾಯ್ಲೆಟ್‌ಗೆ ಏನು ಮಾಡಿದಳು? ಇವನು ಯಾರನ್ನೂ ಕೇಳಲು ನಾಚುತ್ತಾನೆ.

ಗಿರಿಜಾ, ಮೂಡಿಗೆರೆ:
ಒಪ್ಪಿಸುವ ಮೊದಲು ಒಂದು ಸಲ ಕರೆದುಕೊಂಡು ಹೋಗಿ ಬನ್ನಿ. ವಿಮಾನದಲ್ಲಿ ಸೀಟಿನ ತಲೆ ಮೇಲೆ ಮನುಷ್ಯನ ಚಿತ್ರ ಇರುವ ಗುಂಡಿ ಇರುತ್ತದೆ, ಒತ್ತಿದರೆ ಸಿಬ್ಬಂದಿ ಬರುತ್ತಾರೆ ಅಂತ ಹೇಳಿಕೊಡಿ. ಕೈಗೆ ಎಟುಕದಿದ್ದರೆ ಪಕ್ಕದವರಿಗೆ ಬೆರಳು ತೋರಿಸಿದರೂ ಸಾಕು. ನನ್ನ ಮಗಳು ಹಾಗೇ ಮಾಡಿದ್ದಳಂತೆ.