ಸಹಾಯ ಬೇಕು: ಜಪಾನಿನ ಕೆಳಗೆ ನೀರು ಹೊತ್ತೊಯ್ಯುವ ಖನಿಜಗಳು

ಭೂವಿಜ್ಞಾನ ಓದಿದವರು ಇದ್ದೀರಾ? ಈಶಾನ್ಯ ಜಪಾನಿನ ಕೆಳಗೆ ಜಾರುವ ಪೆಸಿಫಿಕ್ ಫಲಕದ (ಭೂಮಿಯ ಗಟ್ಟಿ ಹೊರಪದರದ ದೊಡ್ಡ ತುಂಡು) ಬಗ್ಗೆ ಸೆಮಿನಾರ್ ಕೊಡಬೇಕು. ಫಲಕ ಹಳೆಯದು, ತಣ್ಣಗಿದೆ. ಅದರ ಮೇಲ್ಭಾಗದ ಬಸಾಲ್ಟ್ (ಲಾವಾದಿಂದಾದ ಕಲ್ಲು) ಆಳದ ಒತ್ತಡ, ಶಾಖಕ್ಕೆ ರೂಪಾಂತರವಾದಾಗ ಲಾಸೊನೈಟ್ ಅನ್ನುವ ಖನಿಜ ಹುಟ್ಟುತ್ತದೆ. ತೂಕದಲ್ಲಿ ಸುಮಾರು 11% ನೀರು! ಸಂದಿಯಲ್ಲಿ ನಿಂತ ನೀರಲ್ಲ, ಹರಳಿನೊಳಗೇ ಸೇರಿದ್ದು. ಫಲಕದಲ್ಲೇ ಬಸಾಲ್ಟಿನ ಕೆಳಗಿರುವ ಮ್ಯಾಂಟಲ್ ಕಲ್ಲಿನಲ್ಲಿ ಆಂಟಿಗೊರೈಟ್ ಅನ್ನುವ ಇನ್ನೊಂದು ಖನಿಜ, ಅದರಲ್ಲಿ ನೀರು ಸುಮಾರು 12%. ಇಷ್ಟು ಅರ್ಥವಾಗಿದೆ.

ಸಿಕ್ಕಿಕೊಂಡಿರುವುದು ಮುಂದೆ. ಆಂಟಿಗೊರೈಟ್ 600–700 ಡಿಗ್ರಿ ಸೆಲ್ಸಿಯಸ್ ಹತ್ತಿರ ಒಡೆದು ನೀರು ಬಿಡುತ್ತದೆ. ಈ ಫಲಕದೊಳಗೆ ಭೂಕಂಪಗಳು ಎರಡು ಪದರಗಳಲ್ಲಿ ಆಗುತ್ತವೆ, ಕೆಳಗಿನದು ಮೇಲಿನದಕ್ಕಿಂತ 30–40 ಕಿಲೋಮೀಟರ್ ಆಳದಲ್ಲಿ. ಕೆಳಗಿನ ಪದರದ ಭೂಕಂಪಗಳಿಗೆ ಈ ನೀರೇ ಕಾರಣ ಅಂತ ಕೆಲವರ ವಾದ. ಆದರೆ ಸಮುದ್ರದ ನೀರು ಫಲಕದೊಳಗೆ ಅಷ್ಟು ಆಳಕ್ಕೆ ಮೊದಲು ಇಳಿಯಬೇಕಲ್ವಾ? ಫಲಕ ಕೆಳಗೆ ಜಾರಲು ಶುರುವಾಗುವ ಸಮುದ್ರತಳದ ಕಂದಕದ ಹತ್ತಿರ ಅದು ಬಾಗಿ ಬಿರುಕು ಬಿಡುತ್ತದೆ ಅನ್ನುವ ಉತ್ತರ ನನಗೆ ಸಾಲದು ಅನಿಸುತ್ತದೆ. ಗೊತ್ತಿದ್ದವರು ಬಿಡಿಸಿ ಹೇಳಿ. ಆಂಟಿಗೊರೈಟ್‌ನ ಒತ್ತಡ-ತಾಪಮಾನ ನಕ್ಷೆ ಇದ್ದರೆ ಕಳಿಸಿ. ಸುಮ್ನೆ ವಿಡಿಯೋ ಲಿಂಕ್ ಬೇಡ, ದಯವಿಟ್ಟು.