ಸಹಾಯ ಬೇಕು: ಮಿಪ್ಸ್ ಅಸೆಂಬ್ಲಿಯಲ್ಲಿ ಅರೇ ಪ್ರಿಂಟ್ ಮಾಡುವಾಗ ಟಿ0 ರಿಜಿಸ್ಟರ್ ಬಳಸಬೇಕಾ, ಎಸ್0 ಬಳಸಬೇಕಾ?

ಎಲ್ಲರಿಗೂ ನಮಸ್ಕಾರ. ಲ್ಯಾಬ್‌ಗಾಗಿ ಮಾರ್ಸ್ ಸಿಮ್ಯುಲೇಟರ್‌ನಲ್ಲಿ (ಮಿಪ್ಸ್ ಪ್ರೊಸೆಸರ್‌ನ ಕೋಡ್ ಓಡಿಸಿ ನೋಡುವ ಸಾಫ್ಟ್‌ವೇರ್) ಒಂದು ಸಣ್ಣ ಪ್ರೋಗ್ರಾಂ ಬರೆಯುತ್ತಿದ್ದೇನೆ. ಡೇಟಾ ಭಾಗದಲ್ಲಿ ಡಾಟ್ ವರ್ಡ್ ಹಾಕಿ 12, 7, 25, 3, 40 ಎಂದು ಐದು ಪೂರ್ಣಾಂಕ ಇಟ್ಟಿದ್ದೇನೆ. ಅವನ್ನು ಮಧ್ಯೆ ಸ್ಪೇಸ್ ಬಿಟ್ಟು ಒಂದೇ ಸಾಲಿನಲ್ಲಿ ತೋರಿಸಬೇಕು, ಅಷ್ಟೇ.

ಫಂಕ್ಷನ್‌ಗೆ ಅರೇಯ ವಿಳಾಸ ಎ0 ರಿಜಿಸ್ಟರ್‌ನಲ್ಲಿ (ಪ್ರೊಸೆಸರ್ ಒಳಗೆ ಬೆಲೆ ಇಡುವ ಸಣ್ಣ ಜಾಗ), ಉದ್ದ ಎ1ರಲ್ಲಿ ಬರುತ್ತದೆ. ಲೂಪ್ ಒಳಗೆ ಎಲ್‌ಡಬ್ಲ್ಯೂನಿಂದ (ಮೆಮೊರಿಯಿಂದ ಒಂದು ವರ್ಡ್ ಓದುವ ಸೂಚನೆ) ಸಂಖ್ಯೆಯನ್ನು ಎ0ಗೆ ತಂದು, ವಿ0ದಲ್ಲಿ 1 (ಪೂರ್ಣಾಂಕ ಪ್ರಿಂಟ್ ಮಾಡು ಎಂಬ ಸಂಖ್ಯೆ) ಇಟ್ಟು ಸಿಸ್‌ಕಾಲ್ (ಸಿಸ್ಟಂನಿಂದ ಕೆಲಸ ಮಾಡಿಸುವ ಸೂಚನೆ) ಕೊಡುತ್ತೇನೆ. ಆಮೇಲೆ ಸ್ಪೇಸ್‌ಗಾಗಿ ಎ0ದಲ್ಲಿ 32 (ಸ್ಪೇಸ್‌ನ ಕೋಡ್), ವಿ0ದಲ್ಲಿ 11 (ಅಕ್ಷರ ಪ್ರಿಂಟ್ ಮಾಡು), ಮತ್ತೆ ಸಿಸ್‌ಕಾಲ್. ಕೊನೆಗೆ ಎ0ಗೆ 4 ಕೂಡಿಸಿ ವಾಪಸ್ ಲೂಪ್‌ಗೆ. ಒಂದು ವರ್ಡ್ ಅಂದರೆ 4 ಬೈಟ್ ಅಲ್ವಾ.

12 ಸರಿಯಾಗಿ ಬರುತ್ತದೆ. ಎರಡನೇ ಸುತ್ತಿನಲ್ಲಿ ಎಲ್‌ಡಬ್ಲ್ಯೂ ಸಾಲಿನಲ್ಲೇ ನಿಂತು, ವಿಳಾಸ ಮಿತಿ ಮೀರಿದೆ ಎಂಬ ಎರರ್ ಬರುತ್ತದೆ. ಅದು ತೋರಿಸುವ ವಿಳಾಸ ಹೆಕ್ಸ್‌ನಲ್ಲಿ 24, ಅಂದರೆ 36. ಸ್ಪೇಸ್‌ನ 32ಕ್ಕೆ 4 ಸೇರಿದರೆ ಅದೇ ಬರುತ್ತದೆ! ಅರೇಯ ವಿಳಾಸ ಅಳಿಸಿಹೋಗುತ್ತಿರುವುದು ಖಚಿತ.

ಮೊದಲೇ ವಿಳಾಸವನ್ನು ಟಿ0ಗೆ ಮೂವ್ ಮಾಡಿಕೊಂಡರೆ ಐದೂ ಬರುತ್ತವೆ. ಆದರೆ ಮುಂದಿನ ಲ್ಯಾಬ್‌ನಲ್ಲಿ ಸ್ಪೇಸ್ ಹಾಕುವುದನ್ನು ಬೇರೆ ಫಂಕ್ಷನ್ ಮಾಡಿ ಜೆಎಎಲ್‌ನಿಂದ (ಫಂಕ್ಷನ್ ಕರೆಯುವ ಸೂಚನೆ) ಕರೆಯಬೇಕು. ಆಗಲೂ ಟಿ0 ನಂಬಬಹುದಾ? ಇಲ್ಲ ಎಸ್0 ಬಳಸಿ, ಅದರಲ್ಲಿದ್ದ ಹಳೇ ಬೆಲೆಯನ್ನೂ ಆರ್‌ಎಯನ್ನೂ (ವಾಪಸ್ ಹೋಗುವ ವಿಳಾಸ ಇರುವ ರಿಜಿಸ್ಟರ್) ಸ್ಟ್ಯಾಕ್‌ನಲ್ಲಿ ಇಡಬೇಕಾ? ಉದ್ದ ಇರುವ ಎ1ಕ್ಕೂ ಇದೇ ನಿಯಮವಾ?

ಪೂರ್ತಿ ಕೋಡ್ ಬೇಡ. ಯಾಕೆ ಹಾಗೆ ಮಾಡಬೇಕು ಎಂದು ಎರಡು ಸಾಲು ಹೇಳಿದರೂ ತುಂಬಾ ಉಪಕಾರ.