ಸಹಾಯ ಬೇಕು: ಪಾಸ್‌ವರ್ಡ್ ಊಹಿಸಿ ಹುಡುಕುವ ಜಾನ್ ದಿ ರಿಪ್ಪರ್‌ಗೆ ಹೊಸ ಹ್ಯಾಶ್ ವಿಧಾನ ಸೇರಿಸಬೇಕಿದೆ

ನಮಸ್ಕಾರ. ಶಿರಸಿಯ ಅಡಿಕೆ ವ್ಯಾಪಾರಿಯೊಬ್ಬರ ಹಳೇ ಲೆಕ್ಕದ ಸಾಫ್ಟ್‌ವೇರಿನ ಪಾಸ್‌ವರ್ಡ್ ಮರೆತುಹೋಗಿದೆ. ಡೇಟಾ ಅವರದ್ದೇ, ಒಪ್ಪಿಗೆ ಬರೆಸಿಕೊಂಡಿದ್ದೇನೆ. ಮಾಡಿಕೊಟ್ಟವನ ಪತ್ತೆಯಿಲ್ಲ, ಪುಣ್ಯಕ್ಕೆ ಸೋರ್ಸ್ ಕೋಡ್ ಇದೆ.

ಹ್ಯಾಶ್ (ಪಾಸ್‌ವರ್ಡಿನಿಂದ ಲೆಕ್ಕಹಾಕಿ ಉಳಿಸಿದ ಗುರುತು) ನೋಡಿದರೆ, ಬೇಕೆಂದೇ ಹೆಚ್ಚು ಮೆಮೊರಿ ತಿನ್ನುವ ಎಸ್‌ಕ್ರಿಪ್ಟ್ ವಿಧಾನದ ದಾಯಾದಿ. ಮೆಮೊರಿ ಎಷ್ಟು ಬೇಕೆಂದು ನಿರ್ಧರಿಸುವ ಎನ್ 16384, ಆರ್ 8. ಅಂದರೆ 128 × ಎನ್ × ಆರ್, ಒಂದೊಂದು ಊಹೆಗೂ 16 ಎಂಬಿ. ಅಷ್ಟೇ ಆಗಿದ್ದರೆ, ಗ್ರಾಫಿಕ್ಸ್ ಕಾರ್ಡಿನಲ್ಲಿ (ಜಿಪಿಯು) ಓಡುವ ಇಂಥದ್ದೇ ಸಾಧನ ಹ್ಯಾಶ್‌ಕ್ಯಾಟ್‌ನ 8900 ಮೋಡ್ (ಎಸ್‌ಕ್ರಿಪ್ಟ್‌ಗೆ ಇರುವುದು) ಸಾಕಿತ್ತು. ಎಸ್‌ಕ್ರಿಪ್ಟ್ ಮೊದಲ ಲೂಪ್‌ನಲ್ಲಿ ಮೆಮೊರಿ ಬ್ಲಾಕುಗಳನ್ನು ತುಂಬಿ, ಎರಡನೆಯದರಲ್ಲಿ ಬರೀ ಓದುತ್ತದೆ. ಆದರೆ ಈ ಪುಣ್ಯಾತ್ಮ ಎರಡನೇ ಲೂಪ್‌ನಲ್ಲಿ ಓದಿದ ಬ್ಲಾಕಿನ ಮೇಲೆಯೇ ಹೊಸ ಮೌಲ್ಯ ಬರೆದಿದ್ದಾನೆ. ಹಾಗಾಗಿ ಮೆಮೊರಿ ಉಳಿಸಲು ಅರ್ಧದಷ್ಟು ಬ್ಲಾಕುಗಳನ್ನು ಮಾತ್ರ ಇಟ್ಟುಕೊಂಡು ಉಳಿದದ್ದನ್ನು ಬೇಕಾದಾಗ ಲೆಕ್ಕಹಾಕುವ ಉಪಾಯ ಇಲ್ಲಿ ಕೈಕೊಡುತ್ತದೆ. ನನ್ನ 4 ಜಿಬಿ ಕಾರ್ಡಿನಲ್ಲಿ ಒಮ್ಮೆಗೆ 256 ಊಹೆಯೂ ಹಿಡಿಯುವುದಿಲ್ಲ.

ಜಿಪಿಯು ಆಸೆ ಬಿಟ್ಟು ಜಾನ್‌ನ ಸಮುದಾಯ ಆವೃತ್ತಿಯಾದ ಜಂಬೊಗೆ ಸಿ ಭಾಷೆಯಲ್ಲಿ ಪ್ಲಗಿನ್ ಬರೆದೆ. ಸೆಲ್ಫ್ ಟೆಸ್ಟ್ ಪಾಸ್. ಆದರೆ ಊಹೆಗಳ ಹ್ಯಾಶ್ ಲೆಕ್ಕಹಾಕುವ 'ಕ್ರಿಪ್ಟ್_ಆಲ್' ಒಳಗೆ ಪ್ರತಿ ಊಹೆಗೂ ಮೆಮೊರಿ ಕೇಳಿ, ಬಿಟ್ಟು ಮಾಡುವುದರಿಂದ ವೇಗವೇ ಇಲ್ಲ. ಶುರುವಿಗೆ ಓಡುವ 'ಇನಿಟ್'ನಲ್ಲಿ ಥ್ರೆಡ್ಡಿಗೊಂದು ಬಫರ್ ಹಂಚಿ ಕೊನೆಗೆ ಓಡುವ 'ಡನ್'ನಲ್ಲಿ ಬಿಡುವ ಮಾದರಿ ಯಾರಾದರೂ ಮಾಡಿದ್ದೀರಾ? ಹಲವು ಥ್ರೆಡ್ ಒಟ್ಟಿಗೆ ಓಡಿಸುವ ಓಪನ್‌ಎಂಪಿ ಹಾಕಿದಾಗ ಒಮ್ಮೆಗೆ ಕೊಡುವ ಕೀ (ಊಹೆ) ಸಂಖ್ಯೆಯನ್ನು ಎಷ್ಟಕ್ಕೆ ಇಡುತ್ತೀರಿ?

ಸಾಹುಕಾರರ ನೆನಪು ಇಷ್ಟೇ: ಮೊದಲು ಮಾರಿಕಾಂಬೆಯ ಹೆಸರು, ಆಮೇಲೆ ಕೆಎ 31ರ ಯಾವುದೋ ಸ್ಕೂಟರ್ ನಂಬರು. ಪಟ್ಟಿ ಚಿಕ್ಕದೇ, ಸಿಪಿಯು ಸಾಕು ಅನ್ನಿಸುತ್ತದೆ. ಹ್ಯಾಶ್ ಇಲ್ಲಿ ಹಾಕುವುದಿಲ್ಲ. ಕೋಡ್ ಬೇಕಾದವರು ಮೆಸೇಜ್ ಮಾಡಿ, ಕಳಿಸುತ್ತೇನೆ.